ಏಳು ಗಂಟೆಗೆ ಮುಚ್ಚುವ ಗೇಟು

ನಮ್ಮ ಕಾಲೇಜಿನ ಲ್ಯಾಬ್ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಹುಡುಗಿಯರ ಹಾಸ್ಟೆಲ್ ಗೇಟು ಏಳಕ್ಕೇ ಮುಚ್ಚುತ್ತದೆ. ಮಿನಿ ಪ್ರಾಜೆಕ್ಟ್‌ನಲ್ಲಿ ನಾವು ನಾಲ್ವರು. ಹುಡುಗರಿಬ್ಬರೂ ಲ್ಯಾಬ್‌ನಲ್ಲಿ ಉಳಿದು ಸರ್ಕಿಟ್ ಸರಿಪಡಿಸುತ್ತಾರೆ, ನಾವಿಬ್ಬರೂ ರೂಮಿನಲ್ಲಿ ಕುಳಿತು ರಿಪೋರ್ಟ್ ಟೈಪ್ ಮಾಡುತ್ತೇವೆ. ವೈವಾದಲ್ಲಿ ಸರ್ಕಿಟ್ ಬಗ್ಗೆ ಕೇಳಿದಾಗ ಯಾರು ಉತ್ತರಿಸಿದರು ಎಂಬುದನ್ನು ನೀವೇ ಊಹಿಸಿ. ವಾರ್ಡನ್ ಮೇಡಂ ಮಾತ್ರ, ‘ಎಲ್ಲಾ ನಿಮ್ಮ ಒಳ್ಳೇದಕ್ಕೇ ಕಣಮ್ಮಾ’ ಎನ್ನುತ್ತಾರೆ.

ಈ ಮಾತನ್ನು ಒಪ್ಪದ ದೆಹಲಿಯ ವಿದ್ಯಾರ್ಥಿನಿಯರು 2015ರಲ್ಲಿ ‘ಪಿಂಜ್ರಾ ತೋಡ್’ ಚಳವಳಿ ಶುರು ಮಾಡಿದರು. ಪಂಜರ ಮುರಿ ಎಂದು ಅದರರ್ಥ. ಜಾಮಿಯಾ ಮಿಲಿಯಾ ಇಸ್ಲಾಮಿಯಾದ ಹುಡುಗಿಯರ ಹಾಸ್ಟೆಲ್‌ನಲ್ಲಿ ತಡವಾಗಿ ಬರಲು ಇದ್ದ ಅನುಮತಿಯನ್ನು ರದ್ದು ಮಾಡಿದ್ದೇ ಅದಕ್ಕೆ ಕಿಡಿ. ಬೀದಿ ಸುರಕ್ಷಿತವಲ್ಲದಿದ್ದರೆ ಬೀದಿಯನ್ನು ಸರಿಮಾಡಬೇಕೋ, ಹುಡುಗಿಯನ್ನು ಕೂಡಿಹಾಕಬೇಕೋ ಎಂಬುದು ಅವರ ಪ್ರಶ್ನೆ. ಕಾನೂನೂ ಅವರ ಕಡೆಗಿದೆ. ಸುರಕ್ಷತೆಯ ನೆಪದಲ್ಲಿ ಹುಡುಗರಿಗಿಲ್ಲದ ತಾರತಮ್ಯದ ನಿಯಮವನ್ನು ಹುಡುಗಿಯರ ಹಾಸ್ಟೆಲ್‌ಗೆ ಹೇರಬಾರದು ಎಂದು ಲೈಂಗಿಕ ಕಿರುಕುಳ ತಡೆ ಕುರಿತ ಯುಜಿಸಿಯ 2015ರ ನಿಯಮಾವಳಿಯೇ ಹೇಳುತ್ತದೆ. ನಮ್ಮಲ್ಲಿ ಎಷ್ಟು ಜನ ಅದನ್ನು ಓದಿದ್ದೇವೆ?

ಆದರೆ ಆ ಚಳವಳಿಗೂ ಮಿತಿಯಿತ್ತು. ಮೇಲ್ಜಾತಿಯವರದ್ದೇ ಮೇಲುಗೈ ಎಂದು ದೂರಿ 2019ರಲ್ಲಿ ದಲಿತ, ಆದಿವಾಸಿ, ಮುಸ್ಲಿಂ ಹಿನ್ನೆಲೆಯ ಕೆಲವರು ಹೊರನಡೆದರು. ಸ್ತ್ರೀವಾದದ ನಾಳೆ ಕ್ಯಾಂಪಸ್‌ನೊಳಗೆ ಮಾತ್ರ ಇಲ್ಲ ಎಂಬುದನ್ನು ಅದಕ್ಕೂ ಮೊದಲೇ ಬೆಂಗಳೂರು ತೋರಿಸಿತ್ತು. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ಪೂರ್ತಿ ತೆಗೆಯದಂತೆ ಕೇಂದ್ರ ತಂದಿದ್ದ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಹೊಸೂರು ರಸ್ತೆಗಿಳಿದರು. ಎರಡೇ ದಿನದಲ್ಲಿ ಆ ನಿಯಮ ವಾಪಸಾಯಿತು. ಅವರಲ್ಲಿ ನಮ್ಮ ವಯಸ್ಸಿನವರೂ ಇದ್ದರು.

ಇನ್ನೊಂದು ವಿಚಿತ್ರ ನೋಡಿ. ಕಾರ್ಖಾನೆಗಳಲ್ಲಿ ಮಹಿಳೆಯರು ರಾತ್ರಿ ಪಾಳಿ ಮಾಡಲು ಕರ್ನಾಟಕ ಸರ್ಕಾರ 2019ರಲ್ಲಿ ಅವಕಾಶ ಕೊಟ್ಟಿತು. ಸಾರಿಗೆ, ಭದ್ರತೆಯಂಥ ಷರತ್ತುಗಳೂ ಅದರಲ್ಲಿವೆ. ಎರಡು ವರ್ಷದ ನಂತರ ನೌಕರಿಗೆ ಸೇರಿದಾಗ ರಾತ್ರಿ ದುಡಿಯಬಹುದಾದ ನಾನು, ಇವತ್ತು ಏಳರ ನಂತರ ಲ್ಯಾಬ್‌ನಲ್ಲಿ ಕಲಿಯುವಂತಿಲ್ಲ!

ಗೇಟಿನ ಸಮಯ ಬದಲಿಸಿ ಎಂದು ಕಳೆದ ತಿಂಗಳು ಪ್ರಿನ್ಸಿಪಾಲರಿಗೆ ಅರ್ಜಿ ಬರೆದೆವು. ನನ್ನ ರೂಮ್‌ಮೇಟ್ ಸಹಿ ಹಾಕಲಿಲ್ಲ. ‘ಈ ಏಳು ಗಂಟೆ ರೂಲ್ ನೋಡೇ ಅಪ್ಪ ನನ್ನನ್ನ ಇಲ್ಲಿಗೆ ಸೇರಿಸಿದ್ದು ಕಣೇ. ಅದು ಹೋದ್ರೆ ನನ್ನ ಓದೂ ಹೋಗುತ್ತೆ’ ಅಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಅವಳನ್ನು ಹೆದರುಪುಕ್ಕಲಿ ಎನ್ನುವುದು ಸುಲಭ. ಅವಳನ್ನು ಬಿಟ್ಟು ಮುಂದೆ ಹೋಗುವ ಹೋರಾಟ ಎಷ್ಟು ದೂರ ಹೋದೀತು?

ಅರ್ಜಿ ತಿದ್ದಿದೆವು. ಲ್ಯಾಬ್‌ನಿಂದ ಹಾಸ್ಟೆಲ್‌ವರೆಗೆ ಬೀದಿದೀಪ ಹಾಕಿಸಿ, ಒಬ್ಬ ಮಹಿಳಾ ಗಾರ್ಡ್ ನೇಮಿಸಿ ಎಂದು ಸೇರಿಸಿದೆವು. ಅಪ್ಪನಿಗೆ ಫೋನ್ ಮಾಡಿ ಓದಿ ಹೇಳಿದ ಮೇಲೆ ಅವಳೂ ಸಹಿ ಹಾಕಿದಳು. ಗೇಟು ಇನ್ನೂ ಏಳಕ್ಕೇ ಮುಚ್ಚುತ್ತಿದೆ. ಅರ್ಜಿಯಲ್ಲಿ ಮಾತ್ರ ಈಗ ಅವಳ ಹೆಸರೂ ಇದೆ.