ನೋವಿಲ್ಲದೆ ಸವೆಯುವ ರಕ್ತನಾಳ



ಕಳೆದ ಕಾರ್ತಿಕ ಮಾಸದಲ್ಲಿ ಶಿರಾ ತಾಲ್ಲೂಕಿನ ಒಂದು ಗ್ರಾಮಕ್ಕೆ ಗೃಹಪ್ರವೇಶದ ನಿಮಿತ್ತ ತೆರಳಿದ್ದೆವು. ಮನೆಯ ಯಜಮಾನರು ಅರವತ್ತರ ಸಮೀಪದ ರೈತರು. ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲಿಯೇ ಕುಳಿತು ಎರಡು ಹೋಳಿಗೆಗಳನ್ನು ಸವಿದು ಮೂರನೆಯದಕ್ಕೆ ಕೈಯೊಡ್ಡಿದರು. ಮಗಳು ಮೆಲ್ಲಗೆ, "ಅಪ್ಪಾಜಿ, ನಿಮಗೆ ಸಕ್ಕರೆ ಕಾಯಿಲೆ ಇದೆಯಲ್ಲ" ಎಂದಳು. "ಇದ್ದರೇನಮ್ಮಾ? ನೋವಿಲ್ಲ, ಜ್ವರವಿಲ್ಲ. ಎಂಟು ವರ್ಷದಿಂದ ಹೀಗೇ ಇದ್ದೇನೆ. ನೀವೇ ಹೇಳಿ ಅಯ್ನೋರೇ, ಪ್ರಸಾದ ಬೇಡ ಅನ್ನಬಹುದೇ?" ಎಂದು ನಮ್ಮತ್ತ ತಿರುಗಿದರು. ಅವರ ಬಲಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಕೇಳಿದರೆ, ಹೊಲದಲ್ಲಿ ಜಾಲಿಮುಳ್ಳು ಹೊಕ್ಕಿತಂತೆ; ಯಾವಾಗ ಹೊಕ್ಕಿತೆಂಬುದೇ ತಿಳಿಯಲಿಲ್ಲವಂತೆ. ಮಂಗಳಕಾರ್ಯದಲ್ಲಿ ಕಟುಮಾತು ಬೇಡವೆಂದು ನಾವು ನಕ್ಕು ಸುಮ್ಮನಾದೆವು. ಸಂಕ್ರಾಂತಿಯ ಹೊತ್ತಿಗೆ ಆ ಬೆರಳನ್ನು ತೆಗೆಯಬೇಕಾಯಿತೆಂಬ ಸುದ್ದಿ ಬಂತು. ಅಂದು ಆಡದೆ ಉಳಿದ ಮಾತನ್ನು ಇಂದು ಈ ಅಂಕಣದಲ್ಲಿ ಆಡುತ್ತಿದ್ದೇವೆ.

ಮಠದಲ್ಲಿ ಓದುತ್ತಿದ್ದ ಕಾಲದಲ್ಲಿ, ಪ್ರಾಚೀನರು ಇಪ್ಪತ್ತು ಬಗೆಯ ಪ್ರಮೇಹಗಳನ್ನು ಎಣಿಸಿದ್ದರೆಂದೂ ಅವುಗಳಲ್ಲಿ ಮಧುಮೇಹವೂ ಒಂದೆಂದೂ ಗುರುಗಳಿಂದ ಕೇಳಿದ್ದೆವು. ಮೂತ್ರದ ಸಿಹಿಯಿಂದ ಅವರು ಈ ರೋಗವನ್ನು ಗುರುತಿಸಿದರು. ಆದರೆ ಸಿಹಿ ಮೂತ್ರಕ್ಕೆ ಬರುವ ಮುನ್ನ ರಕ್ತದಲ್ಲಿದ್ದು ಮಾಡುವ ಕೇಡನ್ನು ತಿಳಿಯಲು ನಮ್ಮ ಕಾಲದ ವಿಜ್ಞಾನವೇ ಬರಬೇಕಾಯಿತು.

ನಮ್ಮ ರಕ್ತನಾಳಗಳು ಬರಿಯ ಕೊಳವೆಗಳಲ್ಲ. ಹೃದಯದಿಂದ ಹೊರಡುವ ಹೆಬ್ಬೆರಳು ಗಾತ್ರದ ಮಹಾನಾಳದಿಂದ ಹಿಡಿದು ಕಣ್ಣಿನೊಳಗಿನ ಕೂದಲಿಗಿಂತ ಸಣ್ಣ ನಾಳದವರೆಗೆ, ಎಲ್ಲದರ ಒಳಮೈಗೂ ಜೀವಕೋಶಗಳ ಒಂದೇ ಒಂದು ಪದರವಿದೆ. ವೈದ್ಯರು ಇದನ್ನು ಎಂಡೋಥೀಲಿಯಂ ಎನ್ನುತ್ತಾರೆ. ರಕ್ತ ಸರಾಗವಾಗಿ ಹರಿಯುವಂತೆ, ನಾಳದೊಳಗೆ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಈ ಪದರದ ಕೆಲಸ. ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಾನೇ ತಯಾರಿಸಿ, ನಾಳವು ಬೇಕಾದಾಗ ಹಿಗ್ಗುವಂತೆ ಮಾಡುತ್ತದೆ. ಈ ಅನಿಲದ ಪಾತ್ರವನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಕೆರೆಯ ಅಚ್ಚುಕಟ್ಟಿನಲ್ಲಿ ಬೇಸಾಯ ಮಾಡುವ ಮಧುಗಿರಿ, ಕೊರಟಗೆರೆಗಳ ರೈತರಿಗೆ ಮುಂದಿನ ಮಾತು ಸುಲಭವಾಗಿ ತಿಳಿದೀತು. ತೂಬು ಬಿಟ್ಟಾಗ ಗದ್ದೆಗೆ ಸಾಕಾಗುವಷ್ಟು ನೀರು ಬಂದೊಡನೆ ರೈತನು ಮಡೆ ಕಟ್ಟುತ್ತಾನೆ. ದೇಹದ ಬಹುತೇಕ ಜೀವಕೋಶಗಳೂ ಹಾಗೆಯೇ. ರಕ್ತದಲ್ಲಿ ಸಕ್ಕರೆ ಹೆಚ್ಚಿದರೆ ಒಳಗೆ ಬಿಟ್ಟುಕೊಳ್ಳುವುದನ್ನು ತಗ್ಗಿಸುತ್ತವೆ. ರಕ್ತನಾಳದ ಒಳಪದರದ ಕೋಶಕ್ಕೆ ಮಾತ್ರ ಹೀಗೆ ಮಡೆ ಕಟ್ಟುವ ಶಕ್ತಿಯಿಲ್ಲ. ಹೊರಗೆ ಸಕ್ಕರೆ ಎಷ್ಟು ಏರುವುದೋ ಒಳಗೂ ಅಷ್ಟು ಏರುತ್ತದೆ. ಆ ಅತಿಯಾದ ಸಕ್ಕರೆಯನ್ನು ಉರಿಸುವಾಗ ಕೋಶದ ಶಕ್ತಿಕೇಂದ್ರಗಳಾದ ಮೈಟೋಕಾಂಡ್ರಿಯಗಳಿಂದ ಹಾನಿಕರ ಆಮ್ಲಜನಕ ಕಣಗಳು ಮಿತಿಮೀರಿ ಹೊರಬೀಳುತ್ತವೆ. ಮಧುಮೇಹದ ನಾನಾ ಹಾನಿಗಳ ಮೂಲ ಇಲ್ಲಿದೆಯೆಂದು ಅಮೆರಿಕದ ವಿಜ್ಞಾನಿ ಮೈಕೆಲ್ ಬ್ರೌನ್‌ಲೀ 2001ರಲ್ಲಿ ಪ್ರತಿಪಾದಿಸಿದರು. ಆಗ ನೈಟ್ರಿಕ್ ಆಕ್ಸೈಡ್ ಕುಗ್ಗುತ್ತದೆ, ನಾಳ ಬಿರುಸಾಗುತ್ತದೆ, ನುಣುಪಾಗಿದ್ದ ಒಳಮೈಗೆ ಕೊಬ್ಬು ಹತ್ತಿಕೊಳ್ಳುತ್ತದೆ. ಇದಲ್ಲದೆ ಕೈಗೆ ಬೆಲ್ಲದ ಪಾಕ ಅಂಟುವಂತೆ ಸಕ್ಕರೆಯು ದೇಹದ ಪ್ರೋಟೀನುಗಳಿಗೂ ಅಂಟಿ ಅವುಗಳನ್ನು ಕೆಡಿಸುತ್ತದೆ.

ಸಣ್ಣ ನಾಳಗಳು ಕೆಟ್ಟಾಗ ಕಣ್ಣಿನ ಅಕ್ಷಿಪಟಲ, ಮೂತ್ರಪಿಂಡ ಮತ್ತು ನರಗಳು ಸೊರಗುತ್ತವೆ. ದೊಡ್ಡ ನಾಳಗಳು ಕೆಟ್ಟಾಗ ಹೃದಯಾಘಾತ, ಪಾರ್ಶ್ವವಾಯು, ಕಾಲಿನ ಹುಣ್ಣು. ನಮ್ಮ ಶಿರಾದ ಹಿರಿಯರಿಗೆ ಮುಳ್ಳು ಹೊಕ್ಕದ್ದು ತಿಳಿಯದಿದ್ದುದು ಕಾಲು ಗಟ್ಟಿಯಾಗಿದ್ದುದರಿಂದಲ್ಲ, ನರವು ಮಾತನಾಡುವುದನ್ನು ನಿಲ್ಲಿಸಿದ್ದರಿಂದ. ಈ ರೋಗದಲ್ಲಿ ನೋವಿಲ್ಲದಿರುವುದು ಆರೋಗ್ಯದ ಗುರುತಲ್ಲ; ಎಷ್ಟೋ ವೇಳೆ ಅದೇ ರೋಗದ ಗುರುತು.

ಆದರೆ ಹೆದರಿ ಕೂಡುವ ಕಾರಣವಿಲ್ಲ. ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡ, ನರಗಳ ಹಾನಿ ಬಹಳಷ್ಟು ತಗ್ಗುವುದೆಂದು 1993ರಲ್ಲಿ ಅಮೆರಿಕದ, 1998ರಲ್ಲಿ ಬ್ರಿಟನ್ನಿನ ದೀರ್ಘ ಅಧ್ಯಯನಗಳು ತೋರಿಸಿಕೊಟ್ಟವು. ಮೊದಲ ವರ್ಷಗಳ ಹತೋಟಿಯ ಫಲ ಮುಂದೆಯೂ ಬಹುಕಾಲ ಉಳಿಯುತ್ತದೆ. ಮೊದಲ ವರ್ಷಗಳ ಅಲಕ್ಷ್ಯದ ಫಲವೂ ಹಾಗೆಯೇ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಮಧುಮೇಹಿಗಳು ಸುಮಾರು 10 ಕೋಟಿ. ಆದುದರಿಂದ ಇದು ಯಾರೋ ಒಬ್ಬರ ಮನೆಯ ಮಾತಲ್ಲ.

ಮೂವತ್ತು ದಾಟಿದವರೆಲ್ಲರೂ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಹಾಗೂ ರಕ್ತದೊತ್ತಡ ಪರೀಕ್ಷಿಸಿಕೊಳ್ಳಬೇಕು. ಬರಿಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.5 ಅಥವಾ ಅದಕ್ಕೂ ಮೇಲಿದ್ದರೆ ಮಧುಮೇಹವೆಂದೇ ಅರ್ಥ. ರೋಗವಿರುವವರು ಕಣ್ಣು ಮಂಜಾಗುವವರೆಗೆ ಕಾಯದೆ ವರ್ಷಕ್ಕೊಮ್ಮೆ ಅಕ್ಷಿಪಟಲವನ್ನು ತೋರಿಸಿಕೊಳ್ಳಲಿ. ಪಾವಗಡದ ಕಡೆಯವರಿಗೆ ಅಲ್ಲಿನ ಶ್ರೀ ರಾಮಕೃಷ್ಣ ಸೇವಾಶ್ರಮದ ಕಣ್ಣಿನ ಆಸ್ಪತ್ರೆ ಹತ್ತಿರದಲ್ಲಿಯೇ ಇದೆ. ಮೂತ್ರಪಿಂಡದ ಪರೀಕ್ಷೆಯೂ ವರ್ಷಕ್ಕೊಮ್ಮೆ ಆಗಲಿ. ರಾತ್ರಿ ಮಲಗುವ ಮುನ್ನ ಅಂಗಾಲನ್ನು ಬೆಳಕಿನಲ್ಲಿ ನೋಡಿಕೊಳ್ಳುವುದು ನಿತ್ಯನೇಮವಾಗಲಿ. ಹೊಲಕ್ಕಾಗಲಿ, ಹರಕೆಗಾಗಿ ಬೆಟ್ಟಕ್ಕಾಗಲಿ ಬರಿಗಾಲಿನಲ್ಲಿ ನಡೆಯುವುದು ಬೇಡ.

ಊಟದ ವಿಷಯದಲ್ಲಿ ಎರಡು ತಪ್ಪು ತಿಳಿವಳಿಕೆಗಳು ನಮ್ಮ ಸೀಮೆಯಲ್ಲಿವೆ. ಸಕ್ಕರೆ ಬಿಟ್ಟು ಬೆಲ್ಲ ತಿಂದರೆ ದೋಷವಿಲ್ಲವೆಂಬುದು ಒಂದು. ರಕ್ತಕ್ಕೆ ಸೇರಿದ ಮೇಲೆ ಎರಡರ ಕೆಲಸವೂ ಒಂದೇ. ರಾಗಿಮುದ್ದೆಯನ್ನು ಎಷ್ಟು ಬೇಕಾದರೂ ಉಣ್ಣಬಹುದೆಂಬುದು ಇನ್ನೊಂದು. ರಾಗಿ ಒಳ್ಳೆಯ ಧಾನ್ಯವೇ ಸರಿ, ಆದರೆ ಅದರ ಪಿಷ್ಟವೂ ಸಕ್ಕರೆಯಾಗಿಯೇ ರಕ್ತ ಸೇರುತ್ತದೆ. ಮುದ್ದೆ ಚಿಕ್ಕದಿರಲಿ, ಸೊಪ್ಪು, ಕಾಳಿನ ಬಸ್ಸಾರು ಹೆಚ್ಚಿರಲಿ. ಸಿದ್ಧರಬೆಟ್ಟದ ಮೂಲಿಕೆಗಳ ಬಗ್ಗೆ ನಮಗೆ ಗೌರವವುಂಟು; ಆದರೂ ಅವುಗಳನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಸೋಮವಾರ, ಶಿವರಾತ್ರಿಗಳಲ್ಲಿ ಉಪವಾಸ ಮಾಡುವವರು ಅಂದಿನ ಮಾತ್ರೆ, ಇನ್ಸುಲಿನ್‌ಗಳ ಬಗ್ಗೆ ವೈದ್ಯರನ್ನು ಮೊದಲೇ ಕೇಳಿಕೊಳ್ಳಲಿ. ಸಕ್ಕರೆ ಒಮ್ಮೆಲೇ ಕುಸಿಯುವುದೂ ಅಪಾಯವೇ.

ಇನ್ನು ಪ್ರಸಾದದ ಪ್ರಶ್ನೆ. ಪ್ರಸಾದಕ್ಕೆ ಅಳತೆಯಿಲ್ಲ, ಒಂದು ತುತ್ತೂ ಪೂರ್ಣ ಪ್ರಸಾದವೇ. ಹೋಳಿಗೆಯ ಒಂದು ಚೂರನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸಿದರೆ ಭಕ್ತಿಗೆ ಕೊರತೆಯಾಗದು. ಬಡಿಸುವವರೂ ಬಲವಂತ ಮಾಡದಿರಲಿ. ಅಂದು ಆ ಮನೆಯ ಮಗಳು ಹೇಳಿದ್ದೇ ಸರಿಯಾಗಿತ್ತು. ಅವಳ ಮಾತಿಗೆ ನಮ್ಮ ಒಂದು ಮಾತು ಕೂಡಿದ್ದರೆ ಹಿರಿಯರು ಅಂದೇ ವೈದ್ಯರಲ್ಲಿಗೆ ಹೋಗುತ್ತಿದ್ದರೇನೋ. ನಿಮ್ಮ ಮನೆಯ ಪಂಕ್ತಿಯಲ್ಲಿ ಅಂಥ ದನಿ ಕೇಳಿಸಿದರೆ ಅದನ್ನು ಅಡಗಿಸಬೇಡಿ.

ಸರ್ವರಿಗೂ ಆರೋಗ್ಯಭಾಗ್ಯ ಲಭಿಸಲಿ.