ಹಸುವಿನ ಕಳೇಬರಕ್ಕೆ ವಿಷ, ಶ್ರಾವಕರ ಮೌನ

2025ರ ಜೂನ್ 26ರಂದು ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ ಮತ್ತು ಅದರ ನಾಲ್ಕು ಮರಿಗಳ ಶವಗಳು ದೊರೆತವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು. ಹುಲಿಯು ದೊಡ್ಡ ಬೇಟೆಯನ್ನು ಒಂದೇ ಸಲಕ್ಕೆ ತಿಂದು ಮುಗಿಸುವುದಿಲ್ಲ. ಮರಳಿ ಬರುತ್ತದೆ, ಮರಿಗಳಿದ್ದರೆ ಅವನ್ನೂ ಕರೆತರುತ್ತದೆ. ವಿಷವಿಟ್ಟವರಿಗೆ ಈ ಸ್ವಭಾವ ತಿಳಿದಿತ್ತು. ಆ ವರ್ಷದ ದಶಲಕ್ಷಣ ಪರ್ವದಲ್ಲಿ ಎಷ್ಟು ಬಸದಿಗಳಲ್ಲಿ ಈ ಐದು ಜೀವಗಳ ಮಾತು ಬಂದೀತು?

ಸಮಾಜದಲ್ಲಿ ಒಂದು ವಾದ ಬಹುಕಾಲದಿಂದ ನಡೆದುಬಂದಿದೆ. ಹುಲಿ ಹಿಂಸ್ರಪ್ರಾಣಿ; ಅದೊಂದು ಅಳಿದರೆ ನೂರು ಹಸು, ಜಿಂಕೆಗಳು ಉಳಿಯುತ್ತವೆ; ಅದರ ರಕ್ಷಣೆ ಅಹಿಂಸಾಧರ್ಮೀಯರ ಕೆಲಸವಲ್ಲ ಎಂಬುದೇ ಆ ವಾದ. ಹೀಗೆನ್ನುವವರು ಅಮೃತಚಂದ್ರಸೂರಿಗಳ ಪುರುಷಾರ್ಥಸಿದ್ಧ್ಯುಪಾಯವನ್ನು ತೆರೆದು ನೋಡಬೇಕು. ಒಂದನ್ನು ಕೊಂದರೆ ಹಲವು ಬದುಕುತ್ತವೆಂಬ ಲೆಕ್ಕದಿಂದಲಾಗಲಿ, ಬದುಕಿದ್ದರೆ ಅದು ಇನ್ನಷ್ಟು ಪಾಪ ಗಳಿಸೀತೆಂಬ ಅನುಕಂಪದ ನೆಪದಿಂದಲಾಗಲಿ ಹಿಂಸ್ರಜೀವಿಯನ್ನು ಕೊಲ್ಲಕೂಡದೆಂದು ಆ ಆಚಾರ್ಯರು ಸಾವಿರ ವರ್ಷಗಳ ಹಿಂದೆಯೇ ಬೇರೆ ಬೇರೆ ಶ್ಲೋಕಗಳಲ್ಲಿ ನಿರ್ಣಯಿಸಿದ್ದಾರೆ. ವಡ್ಡಾರಾಧನೆಯ ಸುಕೌಶಳಸ್ವಾಮಿಯ ಕಥೆಯನ್ನು ಕೇಳದ ಶ್ರಾವಕರು ಕನ್ನಡನಾಡಿನಲ್ಲಿ ವಿರಳ. ಮುನಿಯನ್ನು ತಿಂದ ಆ ಹೆಣ್ಣುಹುಲಿ ಹಿಂದಿನ ಭವದಲ್ಲಿ ಅವರ ತಾಯಿ. ಕಥೆಗೆ ಕೈಮುಗಿದು ಕಾಡಿನ ಹುಲಿಗೆ ಬೆನ್ನು ತೋರಿಸುವುದು ಎಂಥ ಸ್ವಾಧ್ಯಾಯ?

ಈ ಸೀಮೆ ಜೈನರಿಗೆ ಹೊಸತಲ್ಲ. ಹೊಯ್ಸಳ ದಂಡನಾಯಕ ಪುಣಿಸನು ಅರಕೊಠಾರದಲ್ಲಿ, ಅಂದರೆ ಇಂದಿನ ಚಾಮರಾಜನಗರದಲ್ಲಿ, ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ್ದು 1117ರಲ್ಲಿ. ಮಲೆಯೂರಿನ ಕನಕಗಿರಿಯೂ ಇದೇ ತಾಲ್ಲೂಕಿನ ಕ್ಷೇತ್ರ. ನೆರೆಯ ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರವು 1973ರಲ್ಲಿ ಆರಂಭವಾದ ಹುಲಿ ಯೋಜನೆಯ ಮೊದಲ ಒಂಬತ್ತು ತಾಣಗಳಲ್ಲಿ ಒಂದು. 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿದ್ದವು. ಒಂದೇ ಕಳೇಬರ ಐದನ್ನು ಬಲಿ ತೆಗೆದುಕೊಂಡಿತೆಂದರೆ ಆ ಸಂಖ್ಯೆ ಎಷ್ಟು ದುರ್ಬಲವೆಂದು ವ್ಯಾಪಾರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಳ್ಳಿಯವರನ್ನು ಮಾತ್ರ ದೂಷಿಸುವುದು ಸುಲಭ, ಆದರೆ ಅನ್ಯಾಯ. 2019ರಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿಯ ಬಳಿ ಹುಲಿಗೆ ಇಬ್ಬರು ರೈತರು ಬಲಿಯಾದರು. 2025ರ ಸೆಪ್ಟೆಂಬರ್‌ನಲ್ಲಿ ಬೊಮ್ಮಲಾಪುರದ ಜನ ಹುಲಿಗೆಂದು ಇಟ್ಟಿದ್ದ ಬೋನಿನಲ್ಲಿ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಹಾಲು ಮಾರಿ ಬದುಕುವವನಿಗೆ ಒಂದು ಹಸು ಹೋದರೆ ಮನೆಯ ಆದಾಯವೇ ಹೋದಂತೆ. ಸರ್ಕಾರದ ಪರಿಹಾರಕ್ಕೆ ಮಹಜರು, ಪಶುವೈದ್ಯರ ಪ್ರಮಾಣಪತ್ರ, ಅರ್ಜಿ ಎಲ್ಲವೂ ಆಗಬೇಕು. ಹುಲಿ ಮಾತ್ರ ಮರುರಾತ್ರಿಯೇ ಬರುತ್ತದೆ. ವಿಷ ಬೀಳುವುದು ಈ ನಡುವಿನ ಅವಧಿಯಲ್ಲಿ.

ಆ ವಿಷವಾದರೂ ಕಾಡಿನಲ್ಲಿ ಬೆಳೆಯುವುದಿಲ್ಲ. ಕೀಟನಾಶಕದ ಡಬ್ಬಿ ಅಂಗಡಿಯಿಂದಲೇ ಹೋಗಬೇಕು. ಶ್ರಾವಕಾಚಾರ ಗ್ರಂಥಗಳು ವಿಷ, ಆಯುಧಗಳನ್ನು ಪರರಿಗೆ ಒದಗಿಸುವುದನ್ನು ಹಿಂಸಾದಾನವೆಂದು ಅನರ್ಥದಂಡದಲ್ಲಿ ಸೇರಿಸಿವೆ. ಹದಿನೈದು ನಿಷಿದ್ಧ ವೃತ್ತಿಗಳ ಎಣಿಕೆಯಲ್ಲಿ ವಿಷವಾಣಿಜ್ಯವೂ ಇದೆ, ಕಾಡಿಗೆ ಬೆಂಕಿಯಿಡುವ ದವದಾನವೂ ಇದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಉರಿದದ್ದನ್ನು ಕಂಡವರಿಗೆ ಆ ಎರಡನೆಯ ಹೆಸರಿನ ಅರ್ಥ ತಿಳಿದಿರಬೇಕು. ಕೊಂಡವನ ಹೆಸರು, ಊರು ಬರೆದುಕೊಳ್ಳದೆ ವಿಷ ಮಾರುವ ಅಂಗಡಿ ಜೈನನದಾಗಿದ್ದರೆ, ಅವನು ಚತುರ್ದಶಿಯಂದು ಮಾಡಿದ ಉಪವಾಸ ಯಾವ ಲೆಕ್ಕಕ್ಕೆ ಜಮೆಯಾಗುತ್ತದೋ! ಕೃತ, ಕಾರಿತ, ಅನುಮೋದಿತ ಎಂಬ ಮೂರು ದಾರಿಗಳಲ್ಲಿ ಮೊದಲನೆಯದನ್ನಷ್ಟೇ ಮುಚ್ಚಿದರೆ ಸಾಲದು.

ಬಸದಿಗಳ ಟ್ರಸ್ಟ್‌ಗಳಲ್ಲಿ ಜೀವದಯಾ ನಿಧಿ ಎಂಬ ಖಾತೆಯುಂಟು. ಅದರ ಹಣ ಗೋಶಾಲೆಯ ಮೇವಿಗೆ, ಪಕ್ಷಿಗಳ ಕಾಳಿಗೆ ಹೋಗುತ್ತದೆ. ಉಳಿದದ್ದು ಠೇವಣಿಯಾಗಿ ಬಡ್ಡಿ ಬೆಳೆಸುತ್ತದೆ. ಮೇವು ನಿಲ್ಲಲಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಆ ಬಡ್ಡಿಯಿಂದ, ಹುಲಿ ಹಸುವನ್ನು ಕೊಂದ ಎರಡೇ ದಿನಗಳೊಳಗೆ ಕಾಡಂಚಿನ ಬಡವನಿಗೆ ಮುಂಗಡ ನೀಡಬಹುದು. ಸರ್ಕಾರದ ಪರಿಹಾರ ಬಂದಾಗ ಆ ಮೊತ್ತವನ್ನು ಹಿಂದಕ್ಕೆ ಪಡೆಯಬಹುದು. ಸತ್ತ ಹಸುವಿನ ಮಾಲೀಕನೂ, ಬದುಕಿರುವ ಹುಲಿಯೂ ಒಂದೇ ಮೊತ್ತದಿಂದ ಉಳಿಯುವ ವ್ಯವಸ್ಥೆ ಇದು. ಟ್ರಸ್ಟ್‌ನ ಮುಂದಿನ ವಾರ್ಷಿಕ ಸಭೆಯ ಕಾರ್ಯಸೂಚಿಗೆ ಈ ವಿಷಯ ಸೇರಲು ಒಬ್ಬ ಸದಸ್ಯನ ಲಿಖಿತ ಸೂಚನೆ ಸಾಕು.