ಹಸಿವನ್ನು ಆಟಕ್ಕೆ ಬಳಸಬೇಡಿ



ಕಳೆದ ವರ್ಷ ನನ್ನ ತೂಕ 74 ಕಿಲೋದಿಂದ 53 ಕಿಲೋಗೆ ಇಳಿಯಿತು. ಜಠರದ ಕ್ಯಾನ್ಸರ್, ಶಸ್ತ್ರಚಿಕಿತ್ಸೆ, ಆಮೇಲೆ ಕೀಮೋಥೆರಪಿ. ಚಿಕಿತ್ಸೆ ಮುಗಿಸಿ ಸಕಲೇಶಪುರಕ್ಕೆ ಮರಳಿದ ತಿಂಗಳಲ್ಲೇ ಆಲೂರಿನಲ್ಲಿ ಒಂದು ಮದುವೆ. ಪರಿಚಯದವರೊಬ್ಬರು ಬೆನ್ನು ತಟ್ಟಿ, "ಇಂಜಿನಿಯರ್ ಸಾಹೇಬ್ರು ಹುಡುಗನ ಹಾಗೆ ಆಗಿದ್ದೀರಲ್ಲ, ಯಾವ ಡಯಟ್ಟು? ನಮಗೂ ಹೇಳಿ" ಎಂದರು. ಕಾಯಿಲೆಯ ಹೆಸರು ಹೇಳಿದೆ. ಅವರ ಮುಖ ಸಪ್ಪಗಾಯಿತು.

ಅದೇ ಪಂಕ್ತಿಯಲ್ಲಿ ನನ್ನ ತಮ್ಮನ ಮಗಳು ಎಲೆಯ ಮುಂದೆ ಕೂತು ಏನನ್ನೂ ಮುಟ್ಟದೆ ಎದ್ದಳು. ವಯಸ್ಸು 24. ಹುಡುಗನ ಕಡೆಯವರು "ಸ್ವಲ್ಪ ಇಳಿಸಿದರೆ ಚೆನ್ನ" ಎಂದಿದ್ದರಂತೆ. ಮೂರು ವಾರದಿಂದ ಸೌತೆಕಾಯಿ, ಬಿಸಿನೀರು, ಜೀರಿಗೆ ಕಷಾಯ, ಇಷ್ಟೇ. 9 ಕಿಲೋ ಇಳಿದಿದ್ದಳು, ಮನೆಯವರೆಲ್ಲ ಹೊಗಳುತ್ತಿದ್ದರು. ಮುಂದಿನ ವಾರ ಬಚ್ಚಲಲ್ಲಿ ತಲೆತಿರುಗಿ ಬಿದ್ದಳು. ರಕ್ತದಲ್ಲಿ ಪೊಟ್ಯಾಸಿಯಂ ತೀರಾ ಕಡಿಮೆಯಾಗಿತ್ತು. ಎರಡು ದಿನ ಆಸ್ಪತ್ರೆಯಲ್ಲಿದ್ದು ಉಳಿದುಕೊಂಡಳು. ಹಸಿವೆಂದರೆ ಏನೆಂದು ಬಲ್ಲ ನಾನು ಆ ಪಂಕ್ತಿಯಲ್ಲಿ ಸುಮ್ಮನೆ ಕೂತಿದ್ದೆ. ಆ ತಪ್ಪಿನ ಭಾರವೇ ಈ ಲೇಖನ ಬರೆಸುತ್ತಿದೆ.

ಲೆಕ್ಕ ನನ್ನ ಕಸುಬು, ಆದ್ದರಿಂದ ಲೆಕ್ಕ ಹೇಳುತ್ತೇನೆ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಅಂತಹ ಹುಡುಗಿಯ ದೇಹ ದಿನಕ್ಕೆ ಸುಮಾರು 1,800 ಕ್ಯಾಲೊರಿ ಖರ್ಚು ಮಾಡುತ್ತದೆ ಎಂದಿಟ್ಟುಕೊಳ್ಳಿ. 21 ದಿನ ಒಂದು ತುತ್ತೂ ತಿನ್ನದೆ ಇದ್ದರೂ ಕರಗುವ ಕೊಬ್ಬು 5 ಕಿಲೋ ಮೀರದು. ಹಾಗಾದರೆ ಉಳಿದ 4 ಕಿಲೋ ಏನು? ನೀರು ಮತ್ತು ಮಾಂಸಖಂಡ. ಕಟ್ಟಡದ ಭಾರ ಇಳಿಸಲು ಕಂಬದೊಳಗಿನ ಕಬ್ಬಿಣ ಕಿತ್ತಂತೆ ಇದು. "ಹತ್ತು ದಿನದಲ್ಲಿ ಹತ್ತು ಕಿಲೋ" ಎಂದು ಮೊಬೈಲಿನಲ್ಲಿ ಹೇಳುವವರು ಒಂದೋ ಗುಣಾಕಾರ ಬಾರದವರು, ಇಲ್ಲವೇ ಸುಳ್ಳುಗಾರರು.

ನಮ್ಮ ಘಾಟಿಯವರಿಗೆ ಇನ್ನೊಂದು ಹೋಲಿಕೆ ಬೇಗ ತಿಳಿಯುತ್ತದೆ. ಗುಡ್ಡವನ್ನು ಇಳಿಜಾರು ಬಿಡದೆ ಅವಸರದಲ್ಲಿ ನೇರ ಕಡಿದರೆ ಮಳೆಗಾಲದಲ್ಲಿ ಅದು ರಸ್ತೆಗೇ ಬರುತ್ತದೆ. 2024ರ ಜುಲೈಯಲ್ಲಿ ದೊಡ್ಡತಪ್ಪಲಿನಲ್ಲಿ ಹೆದ್ದಾರಿಯ ಮೇಲೆ ಕುಸಿದ ಮಣ್ಣನ್ನು ಎಲ್ಲರೂ ಕಂಡಿದ್ದೇವೆ. ದೇಹವನ್ನೂ ಇಳಿಜಾರು ಬಿಟ್ಟೇ ಇಳಿಸಬೇಕು. ವಾರಕ್ಕೆ ಅರ್ಧದಿಂದ ಒಂದು ಕಿಲೋ ಸಾಕೆಂದು ವೈದ್ಯರು ಹೇಳುವುದು ಇದಕ್ಕೇ.

2025ರ ಜೂನ್-ಜುಲೈನಲ್ಲಿ ನಮ್ಮ ಹಾಸನ ಜಿಲ್ಲೆ ದೇಶಕ್ಕೆಲ್ಲ ಸುದ್ದಿಯಾಯಿತು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ವರದಿ ಬಂತು, ಜಯದೇವ ಆಸ್ಪತ್ರೆಯ ಮುಂದೆ ಜನರ ಸಾಲು ನಿಂತಿತು. ಸಾವಿನ ಸಂಖ್ಯೆ ಅಸಹಜವಾಗಿ ಏರಿಲ್ಲವೆಂದು ತಜ್ಞರ ಸಮಿತಿ ಹೇಳಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಮದ್ಯಪಾನದ ಕಡೆ ಬೆರಳು ತೋರಿಸಿತು. ಬೀಡಿ, ಬಾಟಲಿ ಬಿಡಲಾರದ ಎಷ್ಟೋ ಜನ ನಮ್ಮೂರಲ್ಲಿ ಊಟ ಬಿಟ್ಟರು! ಹೃದಯಕ್ಕೆ ಹೆದರಿ ಹೃದಯಕ್ಕೇ ಕುತ್ತು ತಂದುಕೊಳ್ಳುವ ದಾರಿ ಅದು. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಬರೀ ದ್ರವ ಪ್ರೋಟೀನ್ ಕುಡಿದು ತೂಕ ಇಳಿಸಲು ಹೋದ ಹಲವರು ಹೃದಯದ ಲಯ ತಪ್ಪಿ ಸತ್ತರು. 2025ರ ಮಾರ್ಚ್‌ನಲ್ಲಿ ಪಕ್ಕದ ಕೇರಳದ ಕಣ್ಣೂರು ಜಿಲ್ಲೆಯಲ್ಲಿ 18 ವರ್ಷದ ಹುಡುಗಿಯೊಬ್ಬಳು ದಪ್ಪಗಾಗುವ ಭಯದಿಂದ ತಿಂಗಳುಗಟ್ಟಲೆ ಊಟ ಬಿಟ್ಟು ತೀರಿಕೊಂಡಳು.

ಕಾಯಿಲೆಯವರ ಕಣ್ಣಿಗೆ ಇದು ಹೇಗೆ ಕಾಣುತ್ತದೆ ಗೊತ್ತೇ? ಈಗ ನನಗೆ ಒಂದು ಹೊತ್ತಿಗೆ ಅರ್ಧ ಚಪಾತಿ ಇಳಿದರೆ ಹಬ್ಬ. ದಿನಕ್ಕೆ ಆರು ಸಲ ಗಡಿಯಾರ ನೋಡಿ ತಿನ್ನುತ್ತೇನೆ. ಡಯಾಲಿಸಿಸ್ ಮಾಡಿಸಿಕೊಳ್ಳುವ ನನ್ನ ಗೆಳೆಯ ನೀರನ್ನು ಲೋಟದಲ್ಲಿ ಅಳೆದು ಕುಡಿಯುತ್ತಾನೆ, ಬಾಳೆಹಣ್ಣು, ಎಳನೀರು ಅವನಿಗೆ ನಿಷಿದ್ಧ. "ಆರೋಗ್ಯ ಇದ್ದವರು ನಮ್ಮ ಪಥ್ಯವನ್ನು ಫ್ಯಾಷನ್ ಮಾಡಿಕೊಂಡಿದ್ದಾರಲ್ಲ" ಎಂದು ಅವನು ನಕ್ಕಾಗ ನನಗೆ ನಗು ಬರಲಿಲ್ಲ. ಕೀಮೋ ವಾರ್ಡಿನಲ್ಲಿ ಒಂದು ಕಿಲೋ ಹೆಚ್ಚಾದರೆ ಹಾಸಿಗೆಯಿಂದ ಹಾಸಿಗೆಗೆ ಸಿಹಿಸುದ್ದಿ ಹೋಗುತ್ತದೆ. ಹೊರಗೆ ಒಂದು ಕಿಲೋ ಕಡಿಮೆಯಾದರೆ ಅಭಿನಂದನೆ.

ಎದುರು ವಾದಗಳಿವೆ. ಬೊಜ್ಜು ಅಪಾಯವಲ್ಲವೇ? ಖಂಡಿತ ಅಪಾಯ. ಮಿತ ಆಹಾರ, ನಡಿಗೆ, ಮೈಮುರಿದು ಕಾಯಕ ಎಲ್ಲರಿಗೂ ಬೇಕು. ದಿನಕ್ಕೆ ಸುಮಾರು 850 ಕ್ಯಾಲೊರಿಯ ಆಹಾರ ಕೊಟ್ಟು ಸಕ್ಕರೆ ಕಾಯಿಲೆ ಹತೋಟಿಗೆ ತಂದ ಪ್ರಯೋಗ ಬ್ರಿಟನ್ನಿನಲ್ಲಿ ನಡೆದಿದೆ, ಅದರ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಆದರೆ ಅಲ್ಲಿ ಪೋಷಕಾಂಶವನ್ನೆಲ್ಲ ಲೆಕ್ಕಹಾಕಿ ಸೇರಿಸಿದ್ದರು, ಪ್ರತಿ ಹಂತದಲ್ಲೂ ತರಬೇತಿ ಪಡೆದವರ ನಿಗಾ ಇತ್ತು. ನಮ್ಮ ಹುಡುಗಿಯ ಮೇಲೆ ಇದ್ದದ್ದು ಕನ್ನಡಿಯ ನಿಗಾ ಮಾತ್ರ.

ಇನ್ನು ಕೆಲವರು ಇದಕ್ಕೆ ಉಪವಾಸದ ಪುಣ್ಯ ಅಂಟಿಸುತ್ತಾರೆ. ನಮ್ಮ ಶರಣರು ದೇಹವನ್ನೇ ದೇವಾಲಯವಾಗಿ ಕಂಡವರು, ಅದನ್ನು ದಂಡಿಸಿ ಶಿವನನ್ನು ಒಲಿಸಿಕೊಳ್ಳುವುದನ್ನು ಒಪ್ಪದವರು. ತನ್ನ ದೇಹ ವಜ್ರವಾಯಿತೆಂದು ಬೀಗಿದ ಗೋರಕ್ಷನ ಗರ್ವವನ್ನು ಅಲ್ಲಮಪ್ರಭುಗಳು ಮುರಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ದೇಹದ ಗರ್ವ ದಪ್ಪಕ್ಕಾದರೇನು, ತೆಳುವಿಗಾದರೇನು? ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರು 2019ರ ಜನವರಿ 21ರಂದು 111ರ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಅವರು ಕೊನೆಯವರೆಗೂ ಮಿತಾಹಾರಿ. ಆದರೂ ತಮ್ಮ ಸಾವಿನ ಸುದ್ದಿಯನ್ನು ಮಕ್ಕಳ ಊಟ ಮುಗಿದ ಮೇಲೆ ತಿಳಿಸಿ ಎಂದು ಮೊದಲೇ ಹೇಳಿಟ್ಟಿದ್ದರು. ಪ್ರಸಾದವೆಂದರೆ ಏನೆಂದು ಇದಕ್ಕಿಂತ ಹೆಚ್ಚಿನ ಪಾಠ ನನಗೆ ಬೇಕಿಲ್ಲ.

ಆದ್ದರಿಂದ ನನ್ನ ಬಿನ್ನಹ ಮೂರು. ಹೆಣ್ಣು ನೋಡಲು ಹೋದವರು ತೂಕದ ಮಾತೆತ್ತಿದರೆ ಹೆಣ್ಣಿನ ತಂದೆಯೇ ಎದ್ದು ಕೈಮುಗಿದು ಅವರನ್ನು ಬೀಳ್ಕೊಡಲಿ. ಜಾತಿ, ವರದಕ್ಷಿಣೆಯ ವಿರುದ್ಧ ಮಾತಾಡುವ ನಾವು ಈ ತಕ್ಕಡಿಯ ವಿರುದ್ಧವೂ ಮಾತಾಡಬೇಕು. ಮಠಗಳ ಆರೋಗ್ಯ ಶಿಬಿರದಲ್ಲಿ ಸಕ್ಕರೆ, ಬಿ.ಪಿ. ಪರೀಕ್ಷೆಯ ಜೊತೆಗೆ ಒಬ್ಬ ಆಹಾರ ತಜ್ಞರನ್ನೂ ಕೂರಿಸಿರಿ. ಊಟ ಕಂಡರೆ ಹೆದರುವ ಮಕ್ಕಳಿದ್ದರೆ ಬೈಯಬೇಡಿ, ಮನೋವೈದ್ಯರ ಬಳಿ ಕರೆದೊಯ್ಯಿರಿ, ಅದೂ ಒಂದು ಕಾಯಿಲೆಯೇ. ಮೂರನೆಯದು ಎಲ್ಲಕ್ಕಿಂತ ಸುಲಭ: ಯಾರಾದರೂ ತೆಳ್ಳಗಾಗಿ ಎದುರು ಬಂದರೆ ಹೊಗಳುವ ಮೊದಲು "ಆರೋಗ್ಯವೇ?" ಎಂದು ಕೇಳಿ.

ತಮ್ಮನ ಮಗಳ ಆ ಸಂಬಂಧ ಮುರಿಯಿತು. ಮೊನ್ನೆ ಮನೆಗೆ ಬಂದವಳು ನನ್ನ ಜೊತೆ ಕೂತು ಎರಡು ಅಕ್ಕಿರೊಟ್ಟಿ ತಿಂದಳು. ನಾನು ಅರ್ಧ ತಿಂದೆ. ಇಬ್ಬರಿಗೂ ಹೊಟ್ಟೆ ತುಂಬಿತು.